ನಾಲ್ಕು ಡಿಗ್ರಿ ದಾಟದ ಹಾಗೆ

ಐದನೇ ಖಾನೆಯಲ್ಲಿದ್ದ ನನ್ನ ತಂಗಿಗೆ,

ನಿನ್ನ ನಿಜವಾದ ಹೆಸರು ನಿನ್ನೆ ಗೊತ್ತಾಯಿತು. ಆದರೂ ಇಲ್ಲಿ ಬರೆಯುವುದಿಲ್ಲ. ಅದು ನಿನ್ನಮ್ಮ ಇಟ್ಟ ಹೆಸರು, ಕರೆಯುವ ಹಕ್ಕು ಅವರದು. ನನಗೆ ನೀನು ತಂಗಿ, ಅಷ್ಟೇ. ನಾನು ಯಾರೆಂದು ನಿನಗೆ ತಿಳಿದಿರಲು ಸಾಧ್ಯವಿಲ್ಲ, ನೀನು ಇಲ್ಲಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಈ ಆಸ್ಪತ್ರೆಯಲ್ಲಿ ತಣ್ಣಗಿರಬೇಕಾದದ್ದನ್ನೆಲ್ಲ ನೋಡಿಕೊಳ್ಳುವವಳು ನಾನು. ಔಷಧಿಯ ಫ್ರಿಜ್ಜು, ರಕ್ತದ ಫ್ರಿಜ್ಜು, ಕೊನೆಗೆ ನೆಲಮಾಳಿಗೆಯ ಶವಾಗಾರ. ಎಲ್ಲರೂ ನನ್ನನ್ನು ಫ್ರಿಜ್ಜಮ್ಮ ಅನ್ನುತ್ತಾರೆ, ಎದುರಿಗಲ್ಲ, ಬೆನ್ನ ಹಿಂದೆ. ನನಗೇನು ಕಿವಿ ಇಲ್ಲವೇ?

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಲ್ಲೇ ಕುಸಿದೆಯಂತೆ. ಹೃದಯ ನಿಂತುಹೋಗಿತ್ತು ಎಂದರು ಡಾಕ್ಟರು. ಜನ ಸೇರುವಷ್ಟರಲ್ಲಿ ಯಾವನೋ ಪಾಪಿ ನಿನ್ನ ಬ್ಯಾಗು, ಫೋನು ಎರಡನ್ನೂ ಎತ್ತಿಕೊಂಡು ಹೋಗಿದ್ದ. ಹಾಗಾಗಿ ನೀನು ಹೆಸರಿಲ್ಲದೆ ಬಂದೆ. "ಮನೆಯವರು ಬಂದು ಗುರುತು ಹಿಡೀಬೇಕು ಮೇಡಂ. ಮುಖ ಒಂದು ಕೆಡದ ಹಾಗೆ ನೋಡ್ಕೊಳ್ಳಿ, ಮುಖ ಹೋದ್ರೆ ಎಲ್ಲಾ ಹೋಯ್ತು" ಎಂದ ಪೊಲೀಸಪ್ಪ. ಪೊಲೀಸರು ಕೊಟ್ಟ ಗಡುವಿನೊಳಗೆ ಯಾರೂ ಬರದಿದ್ದರೆ ಹೆಸರಿಲ್ಲದೆಯೇ ಮಣ್ಣು ಮಾಡಿಬಿಡುತ್ತಾರೆ.

ನಮ್ಮ ಶವಾಗಾರದ ಪ್ರತಿ ಖಾನೆಯೊಳಗೂ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಸೆನ್ಸರ್ ಇದೆ, ವೈರಿಲ್ಲದ್ದು. ಒಳಗೆ ಎಷ್ಟು ತಣ್ಣಗಿದೆ ಎಂದು ಅದು ಕಳಿಸುತ್ತಲೇ ಇರುತ್ತದೆ. ಆಸ್ಪತ್ರೆಯವರು ವರ್ಷಕ್ಕೊಮ್ಮೆ ಚಂದಾ ಕಟ್ಟಿ ತೆಗೆದುಕೊಂಡ ಸಾಫ್ಟ್‌ವೇರ್ ಅದನ್ನು ನೋಡುತ್ತಿದ್ದು, ಮಿತಿ ಮೀರಿದರೆ ನಮ್ಮ ಫೋನುಗಳಲ್ಲಿ ಅಲಾರಂ ಹೊಡೆಯುತ್ತದೆ. ಆದರೆ ಮಿತಿ ಎಷ್ಟು, ಎಷ್ಟು ಹೊತ್ತು ಕಾಯಬೇಕು, ಯಾರ ಫೋನಿಗೆ ಹೇಳಬೇಕು ಎಂಬುದನ್ನೆಲ್ಲ ನಾವೇ ತುಂಬಬೇಕು. ಅದಕ್ಕೆ ಸ್ವಂತ ಬುದ್ಧಿ ಇಲ್ಲ. ಖಾಲಿ ಖಾನೆ ಸುಮ್ಮನೆ ಕಿರುಚಬಾರದೆಂದು ಅದರ ಸೆನ್ಸರಿಗೆ 'ಖಾಲಿ' ಎಂದು ಹೆಸರು ಕೊಟ್ಟು ಅಲಾರಂ ಬಂದ್ ಮಾಡಿಡುವುದು ನಮ್ಮ ರೂಢಿ. ಯಾರನ್ನಾದರೂ ಮಲಗಿಸಿದ ಕೂಡಲೇ ನನಗೆ ಹೇಳಬೇಕು, ನಾನು ಬದಲಿಸಬೇಕು.

ನಿನ್ನನ್ನು ಮಲಗಿಸಿದ ಅಟೆಂಡರಣ್ಣ ಹೇಳಲಿಲ್ಲ. ಮರುದಿನ ಬೆಳಗ್ಗೆ ಕಾಫಿ ಹಿಡಿದು ಕಂಪ್ಯೂಟರ್ ಮುಂದೆ ಕೂತಾಗ, 'ಖಾಲಿ' ಎಂದಿದ್ದ ಐದನೇ ಖಾನೆಯ ಗೆರೆ ಮೇಲಕ್ಕೇರುತ್ತಿತ್ತು. ಖಾಲಿ ತಾನೇ, ಏರಿದರೆ ಏರಲಿ ಎಂದು ಬಿಡಬಹುದಿತ್ತು. ನನ್ನದು ಹಾಳು ಸ್ವಭಾವ, ಬಿಡಲಿಲ್ಲ. ಕೆಳಗಿಳಿದು ಬಾಗಿಲು ಎಳೆದರೆ ನೀನಿದ್ದೆ! ಬಾಗಿಲಂಚಿನ ರಬ್ಬರು ಕಿತ್ತುಬಂದು ತಣ್ಣನೆ ಗಾಳಿಯೆಲ್ಲ ಸೋರಿಹೋಗುತ್ತಿತ್ತು. ಅಟೆಂಡರಣ್ಣನಿಗೆ ಸರಿಯಾಗಿ ಮಂಗಳಾರತಿ ಮಾಡಿದೆ. "ಜೀವ ಇರೋರಾದ್ರೆ ಬಾಗಿಲು ಬಡೀತಾರೆ ಕಣಣ್ಣಾ, ಇವಳೇನು ಮಾಡ್ತಾಳೆ?" ಎಂದೆ. ಅವನು ತಲೆ ತಗ್ಗಿಸಿ, "ಮರ್ತೇ ಹೋಯ್ತು ಫ್ರಿಜ್... ಮೇಡಂ" ಎಂದ.

ಅವತ್ತೇ ರಬ್ಬರು ಬದಲಿಸಿದೆ. ಮಿತಿ ನಾಲ್ಕು ಡಿಗ್ರಿ ಎಂದು ತುಂಬಿದೆ. ಮೀರಿದರೆ ಕಾಯುವುದೇ ಬೇಡ, ಮೊದಲು ನನ್ನ ಫೋನಿಗೆ, ಆಮೇಲೆ ಅಟೆಂಡರಣ್ಣನಿಗೆ, ಆಸ್ಪತ್ರೆಯ ದೊಡ್ಡ ಸಾಹೇಬರಿಗೆ. ಹೆಸರಿನ ಜಾಗಕ್ಕೆ ಬಂದು ಕೈ ನಿಂತಿತು. ಬರೀ ಖಾನೆಯ ಅಂಕಿ ಬರೆದರೆ ಮತ್ತೆ ಯಾರಾದರೂ ಅದರ ಬಾಯಿ ಮುಚ್ಚಿಸಿಬಿಡುತ್ತಾರೆ. 'ತಂಗಿ' ಎಂದು ಬರೆದುಬಿಟ್ಟೆ. ಎರಡು ದಿನ ಕಳೆಯುವುದರೊಳಗೆ ಸಾಹೇಬರು ಕರೆಸಿ, "ಏನಮ್ಮಾ ಇದು? 'ತಂಗಿ ಮೂರು ಡಿಗ್ರಿ' ಅಂತ ದಿನಾ ರಾತ್ರಿ ನನ್ನ ಫೋನಿಗೆ ರಿಪೋರ್ಟ್ ಬರುತ್ತೆ. ಯಾರ್ರೀ ಈ ತಂಗಿ ಅಂತ ಮನೇಲಿ ಹೆಂಡ್ತಿ ಕೇಳ್ತಾಳೆ" ಎಂದರು. "ಯಾರೂ ಬರದೆ ಇರೋಳು ಅಂತ ಹೇಳಿ ಸಾರ್" ಎಂದೆ. ಆಮೇಲೆ ಅವರು ಆ ಮಾತೆತ್ತಲಿಲ್ಲ.

ಅಟೆಂಡರಣ್ಣನೂ ದಿನಾ ಬೆಳಗ್ಗೆ "ತಂಗಿ ಹೆಂಗಿದಾಳೆ?" ಎಂದು ಕೇಳತೊಡಗಿದ. ಮೊದಲು ತಮಾಷೆಗೆ, ಆಮೇಲೆ ನಿಜವಾಗಿಯೇ. ನನಗೆ ಒಡಹುಟ್ಟಿದವರಿಲ್ಲ. ನಿನ್ನ ಗಲ್ಲದ ಮಚ್ಚೆ, ಅರ್ಧ ಉದುರಿದ ಉಗುರುಬಣ್ಣ ನನಗೆ ಬಾಯಿಪಾಠವಾಗಿದ್ದವು. ಬಣ್ಣ ಹಚ್ಚಿಕೊಳ್ಳುವಾಗ ಯಾರ ಜೊತೆ ಹರಟುತ್ತಿದ್ದೆಯೋ ಎಂದುಕೊಳ್ಳುತ್ತಿದ್ದೆ. ಗಡುವು ಹತ್ತಿರ ಬಂದಂತೆ ನನಗೆ ಅನ್ನ ರುಚಿಸಲಿಲ್ಲ. ಯಾರಾದರೂ ಬರಲಿ, ಬಂದು ಇವಳು ನಮ್ಮವಳು ಅನ್ನಲಿ, ಅದೊಂದೇ ನನ್ನ ಹಂಬಲ.

ನಿನ್ನೆ ನಿನ್ನಮ್ಮ ಬಂದರು. ಪೊಲೀಸರು ಪೇಪರಿನಲ್ಲಿ ಹಾಕಿಸಿದ್ದ ಪ್ರಕಟಣೆ ಬಹಳ ತಡವಾಗಿ ಅವರ ಕೈಗೆ ಸಿಕ್ಕಿತ್ತಂತೆ. "ನಮ್ಮ ಹುಡುಗಿ ಅಲ್ಲ ಇದು. ಕೋಪ ಮಾಡ್ಕೊಂಡು ಎಲ್ಲೋ ಹೋಗಿದಾಳೆ, ಬರ್ತಾಳೆ. ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದು ಮೆಟ್ಟಿಲಿಳಿಯುವಾಗ ಮೂರು ಸಲ ಹೇಳಿದರು. ನಾನು ಬಾಗಿಲು ತೆರೆದು ನಿನ್ನನ್ನು ಹೊರಗೆಳೆದೆ. ಮುಖ ಚೂರೂ ಕೆಟ್ಟಿರಲಿಲ್ಲ. ಪೆದ್ದಿಯಂತೆ ಒಂದು ಗಳಿಗೆ ನನಗೆ ಹೆಮ್ಮೆಯೂ ಆಯಿತು ಕಣೇ. ಆಮೇಲೆ ಅವರ ಮುಖ ನೋಡಿದೆ. ಇಷ್ಟು ದಿನ ನಾನು ಕಾಪಾಡಿದ್ದು ಏನನ್ನು ಎಂದು ಆಗ ತಿಳಿಯಿತು. ಇದು ಬೇರೆ ಯಾರೋ ಎಂದು ಅನುಮಾನ ಪಡುವುದಕ್ಕೂ ಆ ತಾಯಿಗೆ ಜಾಗ ಉಳಿದಿರಲಿಲ್ಲ.

ಅವರು ಕಿರುಚಲಿಲ್ಲ. ನಿನ್ನ ಕೈ ಹಿಡಿದು ನೋಡಿ, ನನ್ನ ಕಡೆ ತಿರುಗಿದರು. "ಇವಳಿಗೆ ಚಳಿ ತಡೆಯೋಕಾಗಲ್ಲ ಕಣಮ್ಮಾ. ಫ್ಯಾನ್ ಹಾಕಿದ್ರೂ ಜಗಳಕ್ಕೆ ಬರ್ತಿದ್ಲು. ಇಷ್ಟು ದಿನ ಇದರೊಳಗೆ ಹೆಂಗಿದ್ಲಮ್ಮಾ?" ಎಂದರು. ಅವರು ತಮ್ಮ ಶಾಲು ತೆಗೆದು ನಿನಗೆ ಹೊದಿಸಿ, ನಿನ್ನ ಅಂಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಉಜ್ಜತೊಡಗಿದರು.

ಅಷ್ಟರಲ್ಲಿ ನನ್ನ ಫೋನು ಕಿರುಚಿತು. 'ತಂಗಿ ಐದು ಡಿಗ್ರಿ.' ಅಟೆಂಡರಣ್ಣ ತೆರೆದ ಬಾಗಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಬಾಗಿಲು ಒಂದು ಗಳಿಗೆ ಹೆಚ್ಚು ತೆರೆದಿಟ್ಟರೆ ಊರು ಒಂದು ಮಾಡುವವಳು ನಾನು. ಅಲಾರಂ ನಿಲ್ಲಿಸಿದೆ. ಆರಾಯಿತು, ಏಳಾಯಿತು. ಸಾಹೇಬರೇ ಫೋನು ಮಾಡಿ, "ತಂಗಿದು ಏರ್ತಾ ಇದೆಯಲ್ಲಮ್ಮಾ, ಏನಾಯ್ತು?" ಎಂದು ಗಾಬರಿಯಿಂದ ಕೇಳಿದರು.

"ಅವರಮ್ಮ ಬಂದಿದಾರೆ ಸಾರ್" ಎಂದೆ. ಅವರು ಫೋನಿಟ್ಟರು. ನಿನ್ನಮ್ಮ ಉಜ್ಜುತ್ತಲೇ ಇದ್ದರು. ನಾನೂ ಅಟೆಂಡರಣ್ಣನೂ ಬಾಗಿಲು ಮುಚ್ಚಲಿಲ್ಲ.

ನಿನ್ನಮ್ಮ ನಿನ್ನನ್ನು ಮನೆಗೆ ಕರೆದೊಯ್ದ ಮೇಲೆ, ಇವತ್ತು ಬೆಳಗ್ಗೆ ಐದನೇ ಖಾನೆಯ ಹೆಸರು ಅಳಿಸಿ 'ಖಾಲಿ' ಎಂದು ಬರೆದೆ. ಅಟೆಂಡರಣ್ಣ ಬಂದವನು ಏನೂ ಕೇಳದೆ ಹೊರಟುಹೋದ.

ಇನ್ನಾದರೂ ಬೆಚ್ಚಗಿರು, ತಂಗಿ.

ನಿನ್ನನ್ನು ಇಷ್ಟು ದಿನ ಚಳಿಯಲ್ಲಿಟ್ಟ,
ಫ್ರಿಜ್ಜಮ್ಮ