ತೋಡಿಯ ಗಾಂಧಾರ

ತರೀಕೆರೆ
ಪ್ರಭವ ಸಂವತ್ಸರದ ಕಾರ್ತಿಕ ಬಹುಳ ಪಂಚಮಿ, ಸೋಮವಾರ
ನವೆಂಬರ್ ೧೯೨೭

ಚಿರಂಜೀವಿ ನರಸಮ್ಮನಿಗೆ ನಿನ್ನ ತಂದೆ ಮಾಡುವ ಆಶೀರ್ವಾದಗಳು.

ನೀನು ಮೈಸೂರು ಸೇರಿ ಮೂರು ವರ್ಷವಾಯಿತು. ಇಷ್ಟು ದಿನ ಒಂದು ಸಾಲೂ ಬರೆಯದವನು ಈಗ ಬರೆಯುತ್ತಿರುವುದು ಕ್ಷೇಮಸಮಾಚಾರಕ್ಕಲ್ಲ. ಸಿಟ್ಟು ಬಂದು ಬರೆಯಲು ಕೂತೆ.

ನಿನ್ನ ಸೋದರಮಾವ ಗುಂಡಣ್ಣ ಕಳೆದ ವಾರ ಮೈಸೂರಿನಿಂದ ಬಂದ. ನಿಮ್ಮ ಆಶ್ರಮದ ಶಾಲೆಯಲ್ಲಿ ನೀನು ಹಾಡಿದ್ದನ್ನು, ದೊಡ್ಡ ಮನುಷ್ಯರೆಲ್ಲ ತಲೆದೂಗಿದ್ದನ್ನು ಹೇಳಿದ. ನಿಮ್ಮ ಗುರುಗಳು ಯಾರು ಎಂದು ಅವರು ಕೇಳಿದರಂತೆ. ನೀನು, ‘ಗುರುಗಳು ಅಂತ ಯಾರೂ ಇಲ್ಲ, ಒಲೆ ಮುಂದೆ ಕೂತು ಕೇಳಿ ಕಲಿತದ್ದು’ ಅಂದೆಯಂತೆ.

ಐದನೆಯ ವಯಸ್ಸಿನಲ್ಲಿ ನಿನ್ನನ್ನು ಮುಂದೆ ಕೂರಿಸಿಕೊಂಡು ಸರಳೆ ವರಸೆ ಹೇಳಿಕೊಟ್ಟವನು ಯಾರು? ಕಡೂರಿಗೆ ಗಂಡನ ಮನೆಗೆ ಹೋಗುವವರೆಗೂ ದಿನಾ ಬೆಳಿಗ್ಗೆ ನಿನಗೆ ತಾಳ ಹಾಕಿದ ಕೈ ಯಾರದು? ಈ ಊರಲ್ಲೂ ಅಜ್ಜಂಪುರದಲ್ಲೂ ಮೂವತ್ತು ವರ್ಷದಿಂದ ಮೇಷ್ಟ್ರು ಅನ್ನಿಸಿಕೊಂಡವನಿಗೆ, ಮಗಳು ಹತ್ತು ಜನರ ಮುಂದೆ ಮಾಡುವ ಮರ್ಯಾದೆ ಇದೇ ಏನು?

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಲೇಖನಿ ಕೆಳಗಿಟ್ಟು ಜಗಲಿಗೂ ಹೋದೆ. ಆದರೆ ನೀನು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂಬುದು ನನಗೇ ಗೊತ್ತು. ಯಾಕೆ ಸುಳ್ಳಲ್ಲ ಎಂಬುದು ಮಾತ್ರ ನಿನಗೆ ಗೊತ್ತಿಲ್ಲ.

ಆ ವರ್ಷದ ಮಾರಿ ಜ್ವರದಲ್ಲಿ ನಿನ್ನ ಗಂಡ ಹೋಗಿ, ನೀನು ಕೆಂಪು ಸೀರೆಯುಟ್ಟು ವಾಪಸು ಬಂದೆಯಲ್ಲ, ಆಗ ನಿನಗೆ ಹದಿನಾರು. ಒಂದು ವರ್ಷ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಆಮೇಲೆ ನಾನು ಗುರುವಾರ ಗುರುವಾರ ಅಜ್ಜಂಪುರಕ್ಕೆ ಪಾಠಕ್ಕೆ ಹೋದಾಗ, ತೆಂಗಿನ ತೋಟದ ನಂಜುಂಡಪ್ಪನ ಮಗಳು, ನನ್ನ ಶಿಷ್ಯೆ ಸುಲೋಚನೆ ನಿನ್ನ ಹತ್ತಿರ ಬಂದು ಅನುಮಾನ ಕೇಳುವುದು ಶುರುವಾಯಿತು. ನನಗೆ ಅದು ತಿಳಿದಿರಲಿಲ್ಲ.

ಒಂದು ಗುರುವಾರ ಅಜ್ಜಂಪುರದಲ್ಲಿ ಶಿಷ್ಯರ ಮನೆಯಲ್ಲಿ ಸೂತಕವಾಗಿ ಬೇಗ ಹಿಂತಿರುಗಿದೆ. ನಮ್ಮ ಬಾಗಿಲಿನ ಹತ್ತಿರ ಬಂದಾಗ ಒಳಗೆ ನೀನು ತೋಡಿ ಹಾಡುತ್ತಿದ್ದೆ. ತೋಡಿಯ ಗಾಂಧಾರ ಹೇಗೆ ಅಲುಗಬೇಕು ಎಂದು ನನ್ನ ಗುರುಗಳು ಏಳು ವರ್ಷ ತೋರಿಸಿದ್ದರು. ನನಗೆ ಅದು ದಕ್ಕಲಿಲ್ಲ. ಶಿಷ್ಯರಿಗೆ ಹೇಳಿಕೊಡುವಾಗ ಆ ಜಾಗವನ್ನು ಬೇಗ ದಾಟಿಸಿಬಿಡುತ್ತಿದ್ದೆ. ನೀನು ಅದರ ಮೇಲೆ ನಿಂತಿದ್ದೆ. ಯಾರೂ ತೋರಿಸದೆ ಅದು ನಿನಗೆ ಬಂದಿತ್ತು. ಅರೆಗಳಿಗೆ ಹಿಗ್ಗಿದೆ. ಅದು ಸುಳ್ಳಲ್ಲ. ಆಮೇಲೆ ಎದೆಯಲ್ಲಿ ಏನೋ ಹೊತ್ತಿಕೊಂಡಿತು.

ನಾಲ್ಕು ದಿನ ಕಳೆದು ನಂಜುಂಡಪ್ಪ ಜಗಲಿಗೆ ಬಂದು ಕೂತ. ‘ಮೇಷ್ಟ್ರೇ, ಬ್ಯಾಸರ ಮಾಡ್ಕೋಬ್ಯಾಡಿ. ನಿಮ್ ಮಗಳು ಹೇಳ್ಕೊಟ್ರೆ ನಮ್ ಹುಡ್ಗೀಗೆ ಬ್ಯಾಗ ಬತ್ತದಂತೆ. ಇನ್ಮ್ಯಾಕೆ ಆಯಮ್ಮನೇ ಪಾಠ ಮಾಡ್ಲಿ ಬುಡಿ’ ಅಂದ. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನಾನು, ‘ಅವಳು ಹಾಡು ಬಿಟ್ಟುಬಿಟ್ಟಿದಾಳೆ ಕಣಪ್ಪ, ವ್ರತ ಹಿಡಿದಿದಾಳೆ’ ಅಂದೆ.

ಅಡುಗೆಮನೆಗೆ ಬಂದು ನಿನಗೆ ಹೇಳಿದ್ದು ಬೇರೆ. ‘ಊರವರು ಆಡಿಕೊಳ್ತಿದಾರೆ ಕಣಮ್ಮ. ಗಂಡ ಸತ್ತವಳು ಹಾಡೋ ಮನೆಗೆ ಹೆಣ್ಣುಮಕ್ಕಳನ್ನ ಕಳಿಸೋಲ್ಲ ಅಂತಾರೆ. ನಾವು ಉಣ್ಣೋದು ಪಾಠದಿಂದ.’

ನೀನು ಅಕ್ಕಿ ಆರಿಸುತ್ತಿದ್ದೆ. ತಲೆ ಎತ್ತಲಿಲ್ಲ. ‘ಆಗಲಿ ಅಪ್ಪ’ ಅಂದೆ.

ನರಸು, ಊರಿನಲ್ಲಿ ಯಾರೂ ಏನೂ ಅಂದಿರಲಿಲ್ಲ. ಒಬ್ಬರೂ ಅಂದಿರಲಿಲ್ಲ.

ಅವತ್ತಿನಿಂದ ನಾಲ್ಕು ವರ್ಷ ನೀನು ರಾಗಿ ಬೀಸುವಾಗಲೂ ಗುನುಗಲಿಲ್ಲ. ನಾನು ನಡುಮನೆಯಲ್ಲಿ ಪಾಠ ಹೇಳುತ್ತಿದ್ದೆ. ಶಿಷ್ಯರು ತಪ್ಪಿದಾಗ ಒಳಗೆ ನಿನ್ನ ಕೈಕೆಲಸ ನಿಲ್ಲುತ್ತಿತ್ತು. ನಾನು ತಪ್ಪಿದಾಗಲೂ ನಿಲ್ಲುತ್ತಿತ್ತು. ಅದನ್ನು ಕೇಳಿಸಿಕೊಂಡೇ ಪಾಠ ಮುಗಿಸುತ್ತಿದ್ದೆ. ಮೈಸೂರಿನ ಶಾಲೆಯ ವಿಷಯ ಗುಂಡಣ್ಣ ತಂದಾಗ ನಾನು ಬೇಡವೆನ್ನಲಿಲ್ಲ. ನೀನು ಹೊರಟ ದಿನ ಸ್ಟೇಷನ್ನಿಗೂ ಬರಲಿಲ್ಲ. ಮಗಳ ಅಗಲಿಕೆ ತಾಳಲಾರದೆ ಮಲಗಿದ್ದಾರೆ ಎಂದು ನಿನ್ನ ತಾಯಿ ಎಲ್ಲರಿಗೂ ಹೇಳಿದಳು. ನಾನು ಮಲಗಿರಲಿಲ್ಲ. ಎಷ್ಟೋ ದಿನದ ಮೇಲೆ ಪಿಟೀಲು ತೆಗೆದು ನಿರಾತಂಕವಾಗಿ ಬಾರಿಸಿದೆ. ಚೆನ್ನಾಗಿ ಬರಲಿಲ್ಲ.

ಕ್ಷಮಿಸು ಎಂದು ಬರೆಯಲು ಕೈ ಓಡುತ್ತಿಲ್ಲ. ನೀನು ಕ್ಷಮಿಸಿದರೆ ಅದನ್ನು ಇಟ್ಟುಕೊಂಡು ನಾನೇನು ಮಾಡಲಿ? ಗುರುಗಳು ಯಾರು ಎಂದು ಇನ್ನು ಮುಂದೆ ಯಾರು ಕೇಳಿದರೂ, ಅವತ್ತು ಹೇಳಿದ್ದನ್ನೇ ಹೇಳು. ಮೈಗೆ ಜೋಪಾನ. ಅಲ್ಲಿ ಚಳಿ ಹೆಚ್ಚು ಎಂದು ಕೇಳಿದೆ.

ಇಂತಿ,
ನಿನ್ನ ತಂದೆ
ಶ್ರೀನಿವಾಸಮೂರ್ತಿ

ಮರೆತ ಮಾತು: ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ. ಏನು ಅಷ್ಟುದ್ದ ಬರೆಯುತ್ತಿದ್ದೀರಿ ಎಂದು ನಿನ್ನ ತಾಯಿ ಕೇಳಿದಳು, ಓದಿ ಹೇಳಿದೆ. ಅವಳಿಗೂ ನಾನು ಊರವರ ಮಾತೆಂದೇ ಹೇಳಿದ್ದೆನಲ್ಲ. ‘ಗೌರಿ ಹಬ್ಬದ ದಿನ ಒಂದು ಸಾಲು ಗುನುಗಿದಳು ಅಂತ ನಾನೇ ಅವಳನ್ನ ಗದರಿಸಿದ್ದೆ’ ಅಂದಳು. ಎದ್ದು ಹೋಗಿ ಸೀರೆಗಳನ್ನು ಮಡಿಸಿ ಗಂಟು ಕಟ್ಟಿದಳು. ಈ ಮಧ್ಯಾಹ್ನದ ರೈಲಿಗೆ ಗುಂಡಣ್ಣನ ಜೊತೆ ಹೊರಡುತ್ತಾಳೆ. ಕಾಗದ ಅವಳ ಕೈಯಲ್ಲೇ ಬರುತ್ತದೆ. ವಾಪಸು ಯಾವಾಗ ಎಂದು ಕೇಳಿದೆ. ‘ಮಾಡಿಟ್ಟಿರೋ ಹುಳಿ ನಾಳೆ ಬೆಳಿಗ್ಗೆವರೆಗೆ ಆಗತ್ತೆ’ ಅಂದಳು.