ಎಡತೋಳಿನ ವಾಸನೆ

ರೇನಿಷ್ ಬಂದರು, ಗ್ರಾನ್ಸೆ ದ್ವೀಪ
ಸೋಮವಾರ, ೯ ಅಕ್ಟೋಬರ್ ೧೯೬೧

ಪ್ರೀತಿಯ ಅಮ್ಮಾ,

ಕಣ್ಣು ಹೇಗಿದೆ? ಶುಕ್ರವಾರ ಪಟ್ಟಿ ಬಿಚ್ಚುತ್ತಾರೆಂದು ಎಫ್ರಿಕ್ ಚಿಕ್ಕಮ್ಮ ಬರೆದಿದ್ದಾಳೆ. ಎಡಗಣ್ಣಿನ ಬಗ್ಗೆ ಡಾಕ್ಟರಿಗೆ ಭರವಸೆಯಿದೆ, ಬಲಗಣ್ಣಿನ ಬಗ್ಗೆ ಅಷ್ಟಿಲ್ಲ ಎಂದೂ ತಿಳಿಯಿತು. ಊಟ ಸೇರುತ್ತಿದೆಯೇ? ಗ್ಲಾಸ್ಗೋದ ಮೀನಿಗೆ ರುಚಿಯಿಲ್ಲ ಎಂದು ನೀನು ದಿನವೂ ಗೊಣಗುತ್ತೀಯಂತೆ. ಅದನ್ನು ಓದಿ ನನಗೆ ಸಮಾಧಾನವಾಯಿತು, ಗೊಣಗುವಷ್ಟು ಶಕ್ತಿ ಬಂದಿದೆ ಎಂದಾಯಿತಲ್ಲ. ಇಲ್ಲಿ ನಾನು, ರೇಚಲ್, ಮಕ್ಕಳು ಎಲ್ಲರೂ ಕ್ಷೇಮ. ಈ ಕಾಗದವನ್ನು ನಿನಗೆ ಓದಿ ಹೇಳುವವಳು ಚಿಕ್ಕಮ್ಮನೇ ಎಂದು ಗೊತ್ತು. ಆದ್ದರಿಂದ, ಚಿಕ್ಕಮ್ಮಾ, ನಡುವೆ ನಿನ್ನ ಮಾತು ಸೇರಿಸಬೇಡ. ಅಮ್ಮನಿಗೆ ಸಿಟ್ಟು ಬರುವ ಜಾಗಗಳನ್ನು ಹಾರಿಸಲೂ ಬೇಡ. ನಿನ್ನೆಯೇ ಬರೆಯುತ್ತಿದ್ದೆ. ಆದರೆ ಭಾನುವಾರ ನಾನು ಪೆನ್ನು ಹಿಡಿದದ್ದು ಡೋಲಿನಾ ಅತ್ತೆಯ ಕಣ್ಣಿಗೆ ಬಿದ್ದರೆ ಪಾದ್ರಿಗಳಿಗಿಂತ ಮೊದಲು ಅವಳ ಉಪದೇಶ ಶುರುವಾಗುತ್ತದೆ. ಮಧ್ಯಾಹ್ನ ಎರಡಕ್ಕೆ ಹಡಗು ಹೊರಡುತ್ತದೆ, ಅಷ್ಟರೊಳಗೆ ಮುಗಿಸಬೇಕು.

ಕಳೆದ ಕಾಗದದ ಕೊನೆಯಲ್ಲಿ ನೀನು ಹೇಳಿ ಬರೆಸಿದ ಎರಡು ಸಾಲನ್ನು ಹತ್ತು ಸಲ ಓದಿದೆ. “ಇನ್ನು ನಾನು ಇಲ್ಲೇ ಇರ್ತೀನಿ. ಅರೆಗುರುಡಿ ಮುದುಕಿಗೆ ದ್ವೀಪದಲ್ಲೇನು ಕೆಲಸ, ಎಲ್ಲರ ಕಾಲಿಗೂ ಅಡ್ಡ” ಎಂದಿದ್ದೀಯ. ಅದಕ್ಕೆ ಉತ್ತರ ಕೊನೆಯಲ್ಲಿ ಕೊಡುತ್ತೇನೆ. ಮೊದಲು ಸುದ್ದಿ.

ನಮ್ಮ ವಿಸ್ಕಿ ಭಟ್ಟಿಯಲ್ಲಿ ಮತ್ತೆ ಬೆಂಕಿ ಹತ್ತಿದೆ, ಅಮ್ಮಾ. ಸೆಪ್ಟೆಂಬರ್ ಹದಿನೆಂಟನೆಯ ತಾರೀಖು ಬೆಳಿಗ್ಗೆ ಬಾರ್ಲಿ ಒಣಗಿಸುವ ಗೂಡಿನ ಒಲೆಗೆ ಜೌಗಿನಿಂದ ಕಡಿದು ಒಣಗಿಸಿದ ಪೀಟ್ ಹೆಂಟೆಗಳನ್ನು ಒಟ್ಟಿ, ಹಳೆಯ ಭಟ್ಟಿಯಲ್ಲಿ ದುಡಿದ ಸೋರ್ಲಿ ಮಾವನ ಕೈಯಿಂದಲೇ ಕಡ್ಡಿ ಗೀರಿಸಿದರು. ಮೂವತ್ತು ವರ್ಷ ಆರು ತಿಂಗಳ ಮೇಲೆ ರೇನಿಷ್ ಭಟ್ಟಿಯ ಚಿಮಣಿಯಿಂದ ಹೊಗೆ ಎದ್ದಿತು. ಶಾಲೆಯ ಮಕ್ಕಳನ್ನೆಲ್ಲ ಗೋಡೆಯ ಮೇಲೆ ಸಾಲಾಗಿ ಕೂರಿಸಿದ್ದರು. ಪಾದ್ರಿಗಳು ಆ ದಾರಿಯಲ್ಲಿ ಸುಮ್ಮನೆ ಹೋಗುತ್ತಿದ್ದವರಂತೆ ನಾಲ್ಕು ಸಲ ಹೋದರು. ಸೋರ್ಲಿ ಮಾವ ಹೊಗೆಯನ್ನು ನೋಡುತ್ತಾ, “ಅಂತೂ ನನ್ನ ಬೆನ್ನುನೋವಿಗೆ ಮತ್ತೆ ಒಂದು ಕಾರಣ ಸಿಕ್ತು” ಎಂದ. ಎಪ್ಪತ್ತೆಂಟರಲ್ಲೂ ಮರದ ಸಲಿಕೆ ಹಿಡಿದು ಮೊಳಕೆ ಬಾರ್ಲಿಯನ್ನು ಮಗುಚುತ್ತಾನೆ. ಹುಡುಗರು ಸರಿಯಾಗಿ ಮಗುಚದಿದ್ದರೆ, “ಏನ್ರೋ, ಹಾಸಿಗೆ ಮಡಚ್ತಿದೀರಾ?” ಎಂದು ಕೂಗುತ್ತಾನೆ. ಒಟ್ಟು ಹದಿನೆಂಟು ಜನರಿಗೆ ಕೆಲಸ ಸಿಕ್ಕಿದೆ. ನನ್ನದು ಬಟ್ಟಿ ಇಳಿಸುವ ಎರಡನೆಯ ಹಂಡೆಯ ಪಾಳಿ, ಅಪ್ಪ ನಿಲ್ಲುತ್ತಿದ್ದ ಜಾಗ. ನಿನ್ನ ಕೆಂಪು ಹಸುವಿಗೂ ಕೆಲಸ ಸಿಕ್ಕಿದಂತಾಗಿದೆ. ಬೇಯಿಸಿ ಬಸಿದ ಬಾರ್ಲಿಯನ್ನು ಅಲ್ಲಿ ದನಗಳಿಗೆ ಹಾಕುತ್ತಾರೆಂದು ಯಾರು ಹೇಳಿದರೋ, ಬೆಳಿಗ್ಗೆ ಏಳಕ್ಕೆಲ್ಲ ಭಟ್ಟಿಯ ಗೇಟಿನ ಮುಂದೆ ನಿಂತಿರುತ್ತದೆ. ಪಾಳಿ ಮುಗಿದ ಮೇಲೆ ನನ್ನ ಜೊತೆಯೇ ಮನೆಗೆ ಬರುತ್ತದೆ.

ಹೊಸ ಮ್ಯಾನೇಜರ್ ಗಿಲ್‌ಕ್ರಿಸ್ಟ್ ಅವರು ಒಳ್ಳೆಯವರು. ಮೂವತ್ತನಾಲ್ಕು ವಯಸ್ಸು, ಕ್ಯಾಂಬೆಲ್‌ಟೌನಿನವರು. ನಮ್ಮ ಓಟ್ ರೊಟ್ಟಿಯನ್ನು ಮುಖ ಕಿವಿಚದೆ ತಿಂದದ್ದರಿಂದ ರೇಚಲ್‌ಗೆ ಅವರ ಮೇಲೆ ಗೌರವ. ಹಳೆಯ ಭಟ್ಟಿಯ ದಿನಚರಿ ಪುಸ್ತಕಗಳನ್ನೆಲ್ಲ ಹುಡುಕಿ ತೆಗೆದು, ಎಷ್ಟು ಪೀಟ್, ಎಷ್ಟು ನೀರು, ಎಷ್ಟು ಗಂಟೆ ಎಂದು ಒಂದೊಂದನ್ನೂ ಅದರಂತೆಯೇ ಮಾಡಿದರು. ಒಂದೇ ಒಂದು ವಿಷಯ ಪುಸ್ತಕದಲ್ಲಿಲ್ಲ. ನಿನಗೆ ಗೊತ್ತಿರುವುದೇ, ಚಿಕ್ಕಮ್ಮನಿಗಾಗಿ ಬರೆಯುತ್ತೇನೆ: ಎರಡನೆಯ ಹಂಡೆಯಿಂದ ಮೊದಲು ಇಳಿಯುವುದು ಕಟುವಾದ ದ್ರವ, ಅದು ಬೇಡ. ನಡುವೆ ಇಳಿಯುವುದು ಪೀಪಾಯಿಗೆ ಹೋಗುವ ಮಾಲು. ಕೊನೆಯದು ಮತ್ತೆ ಬೇಡ. ನಡುವಿನದು ಮುಗಿಯಿತೆಂದು ನಳಿಗೆಯನ್ನು ತಿರುಗಿಸುವ ಆ ಗಳಿಗೆ ಒಂದೊಂದು ಭಟ್ಟಿಗೆ ಒಂದೊಂದು. ಬೇಗ ತಿರುಗಿಸಿದರೆ ವಿಸ್ಕಿ ತೆಳುವಾಗುತ್ತದೆ, ತಡವಾದರೆ ಹೊಲಸಾಗುತ್ತದೆ. ಆ ಅಂಕಣದಲ್ಲಿ ಅಪ್ಪ ಇಪ್ಪತ್ತೊಂದು ವರ್ಷ, ದಿನವೂ, ದುಂಡಗಿನ ಅಕ್ಷರದಲ್ಲಿ ಬರೆದದ್ದು ಒಂದೇ ಮಾತು: “ಸರಿಯಾದ ಹೊತ್ತಿಗೆ.” ಗಿಲ್‌ಕ್ರಿಸ್ಟ್ ಪುಟ ತಿರುಗಿಸುತ್ತಾ ಹೋದವರು ಕೊನೆಗೆ ನನ್ನನ್ನು ನೋಡಿ, “ನಿಮ್ಮಪ್ಪ ಫಿನ್ಲೆಯವ್ರು ಯಾರಿಗಾದ್ರೂ ಸಾಲ ಕೊಟ್ಟಿದ್ರೂ ಹೀಗೇ ಬರ್ಕೋತಿದ್ರಾ?” ಎಂದರು.

ಕಳೆದ ಮಂಗಳವಾರ ಮೊದಲ ಮಾಲು ಇಳಿಯಿತು. ಹೊರಗಿನ ಅಂಗಳದಲ್ಲಿ ಹಳಬರಿಗೆಲ್ಲ ಒಂದೊಂದು ಗುಟುಕು ನೀರು ಬೆರೆಸಿ ಕೊಟ್ಟರು. ಎಲ್ಲರೂ ಸೋರ್ಲಿ ಮಾವನ ಮುಖ ನೋಡುತ್ತಿದ್ದರು. ಮಾವ ಕುಡಿದ, ಕಣ್ಣು ಮುಚ್ಚಿದ, ಲೋಟವನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟು ಬಹಳ ಮರ್ಯಾದೆಯಿಂದ ಕೇಳಿದ: “ಚೆನ್ನಾಗಿದೆ ಸಾರ್. ಯಾವೂರಿಂದು?” ಯಾರೂ ನಗಲಿಲ್ಲ. ಗುರುವಾರ ಇನ್ನೂ ಸ್ವಲ್ಪ ತಡವಾಗಿ ತಿರುಗಿಸಿದೆವು. ಮಾವ ಮೂಸಿ ನೋಡಿ, “ಇದು ನಮ್ಮೂರಿಂದೇ, ಆದ್ರೆ ಬಂದರಿನ ಚರಂಡೀದು” ಎಂದ. ಅವನಿಗೆ ತಪ್ಪು ಯಾವುದೆಂದು ಗೊತ್ತಾಗುತ್ತದೆ, ಸರಿ ಎಲ್ಲಿದೆಯೆಂದು ತೋರಿಸಲು ಬರುವುದಿಲ್ಲ. ಬಾರ್ಲಿ ಮಗುಚುವವನಿಗೆ ಹಂಡೆಯ ಕೋಣೆಗೆ ಯಾವತ್ತೂ ಪ್ರವೇಶವಿರಲಿಲ್ಲ. ಅಪ್ಪನ ಜೊತೆಗಿದ್ದ ಇಬ್ಬರೂ ಯುದ್ಧದಲ್ಲಿ ಹೋದರು. ನವೆಂಬರ್ ಒಂದಕ್ಕೆ ಮಾಲೀಕರು ಬಂದು ಮೊದಲ ಪೀಪಾಯಿಗೆ ಮುದ್ರೆ ಹಾಕುತ್ತಾರೆ. ರೇನಿಷ್ ಅಲ್ಲದ್ದನ್ನು ರೇನಿಷ್ ಎಂದು ತುಂಬಿ ಮುದ್ರೆ ಹಾಕಿಸಲಾರೆ ಎಂದು ಗಿಲ್‌ಕ್ರಿಸ್ಟ್ ಪಟ್ಟು ಹಿಡಿದಿದ್ದಾರೆ.

ಶುಕ್ರವಾರ ಸಂಜೆ ಅವರು ನಮ್ಮ ಮನೆಗೆ ಬಂದು ಹೆರಿಂಗ್ ಮೀನು, ಆಲೂಗೆಡ್ಡೆ ಊಟ ಮಾಡುತ್ತಾ ಅಪ್ಪನ ಬಗ್ಗೆ ಕೇಳಿದರು. ಏನು ಬರೆದಿಟ್ಟಿದ್ದ, ಯಾರಿಗೆ ಹೇಳಿದ್ದ ಎಂದೆಲ್ಲ. ಏನೂ ಇಲ್ಲ ಎಂದೆ. ಆಗ ರೇಚಲ್ ಒಂದು ಪ್ರಶ್ನೆ ಕೇಳಿದಳು: “ಮಾವನೋರು ಕೈ ಎಲ್ಲಿ ಒರೆಸ್ಕೋತಿದ್ರು?” ಅವಳು ಅಪ್ಪನನ್ನು ನೋಡಿದ್ದು ಎರಡೇ ವರ್ಷ. ಆದರೆ ಬಟ್ಟೆ ಒಗೆಯುವವರಿಗೆ ಹೊಳೆಯುವುದು ಬೇರೆಯವರಿಗೆ ಹೊಳೆಯುವುದಿಲ್ಲ. ಹುಡುಗನಾಗಿದ್ದಾಗ ಹಂಡೆಯ ಕೋಣೆಗೆ ಇಣುಕಿ ನೋಡಿದ್ದ ನನಗೆ ಎಲ್ಲವೂ ಒಟ್ಟಿಗೆ ನೆನಪಾಯಿತು. ಬೀಗ ಹಾಕಿದ ಗಾಜಿನ ಪೆಟ್ಟಿಗೆಯಲ್ಲಿ ಇಳಿಯುವ, ಯಾರೂ ಮುಟ್ಟಬಾರದ ಮಾಲಿನಿಂದ ಅಪ್ಪ ನಾಲ್ಕು ಹನಿ ಅಂಗೈಗೆ ಹಾಕಿಕೊಂಡು ಉಜ್ಜಿ ಮೂಸುತ್ತಿದ್ದದ್ದು, ಅಬಕಾರಿಯವರು ಅಷ್ಟು ಹೊತ್ತು ಕಿಟಕಿಯಾಚೆ ಕಡಲಹಕ್ಕಿ ಎಣಿಸುತ್ತಿದ್ದದ್ದು, ನಳಿಗೆ ತಿರುಗಿಸಿದ ಕೂಡಲೇ ಅಪ್ಪ ಆ ಕೈಯನ್ನು ಉಣ್ಣೆಯ ಅಂಗಿಯ ಎಡತೋಳಿಗೆ ಒರೆಸುತ್ತಿದ್ದದ್ದು. ಪ್ರತಿ ಶನಿವಾರ ನೀನು ಆ ಅಂಗಿಯನ್ನು ತೊಟ್ಟಿಗೆ ಅದ್ದುವಾಗ, “ದರಿದ್ರದ್ದು, ಟಾರು ಹಗ್ಗದ ಮೇಲೆ ಸೇಬು ಹೆಚ್ಚಿದ ಹಾಗೆ ನಾರುತ್ತೆ” ಎಂದು ಬೈಯುತ್ತಿದ್ದದ್ದು.

ಈಗ ಸಿಟ್ಟಾಗಬೇಡ. ನಿನ್ನ ಪೆಟ್ಟಿಗೆ ತೆಗೆದೆ. ಕೇಳದೆ ತೆಗೆದೆ, ತಪ್ಪೇ. ಮಕ್ಕಳ ನಾಮಕರಣದ ಬಟ್ಟೆಯ ಕೆಳಗೆ, ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಅಪ್ಪನ ಕೊನೆಯ ಪಾಳಿಯ ಅಂಗಿ ಇತ್ತು. ಮೂವತ್ತೊಂದರ ಮಾರ್ಚಿನಲ್ಲಿ ಭಟ್ಟಿ ಮುಚ್ಚಿದಾಗ ನೀನು ಒಗೆಯದೆ ಬಿಟ್ಟದ್ದು. ಗಂಟು ಬಿಚ್ಚಿದೊಡನೆ ಅಪ್ಪ ಬಾಗಿಲಲ್ಲಿ ಬೂಟು ಬಿಚ್ಚುತ್ತಿರುವಂತೆಯೇ ಅನಿಸಿತು. ಗಿಲ್‌ಕ್ರಿಸ್ಟ್ ಎಡತೋಳನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ಎದ್ದು ರೇಚಲ್‌ಗೆ ಟೋಪಿ ತೆಗೆದು ನಮಸ್ಕರಿಸಿದರು. ಶನಿವಾರ ಬೆಳಿಗ್ಗೆ ಅದನ್ನು ಹಂಡೆಯ ಕೋಣೆಗೆ ಒಯ್ದು ಕುರ್ಚಿಯ ಬೆನ್ನಿಗೆ ಹಾಕಿದೆವು, ಸೋಮವಾರದ ಮಾಲಿಗೆ ಅದೇ ಗುರುವಾಗಲಿ ಎಂದು. ಊರೆಲ್ಲ ಸುದ್ದಿಯಾಯಿತು. ಅವತ್ತು ರಾತ್ರಿಯ ಊಟಕ್ಕೆ ಮೂರು ಮನೆಯಿಂದ ಕಡುಬು ಬಂತು.

ಇನ್ನು ಕಾಗದ ಮುಗಿಸುವ ಹೊತ್ತು. ಗಾಳಿಗೆ ಮೈಯೊಡ್ಡಬೇಡ. ಡಾಕ್ಟರು ಹೇಳಿದ್ದನ್ನು ಅರ್ಧವಾದರೂ ಕೇಳು. ಮಕ್ಕಳು ಅಜ್ಜಿಗೆ ಮುತ್ತು ಕಳಿಸಿದ್ದಾರೆ, ರೇಚಲ್ ಒಂದು ಜೊತೆ ಕಾಲುಚೀಲ ಹೆಣೆಯುತ್ತಿದ್ದಾಳೆ, ಡೋಲಿನಾ ಅತ್ತೆ ನಿನಗಾಗಿ ಪ್ರಾರ್ಥಿಸುತ್ತಿದ್ದಾಳೆ. ಈ ವಾರ ಸ್ವಲ್ಪ ಹೆಚ್ಚಾಗಿಯೇ. ದೇವರು ನಿನ್ನ ಎರಡೂ ಕಣ್ಣಿಗೆ ಬೆಳಕು ಕೊಡಲಿ. ಒಂದಕ್ಕೇ ಕೊಟ್ಟರೂ ನಮ್ಮದೇನೂ ದೂರಿಲ್ಲ.

ನಿನ್ನ ಮಗ,
ಟೊರ್ಕಿಲ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಹಡಗು ಸೀಟಿ ಹೊಡೆದಿದೆ, ಬೇಗ ಬರೆಯುತ್ತೇನೆ. ಚಿಕ್ಕಮ್ಮಾ, ಅಮ್ಮನನ್ನು ಕೂರಿಸಿ ಓದು. ಶನಿವಾರ ಸಂಜೆ ಡೋಲಿನಾ ಅತ್ತೆ ಭಟ್ಟಿ ಗುಡಿಸಲು ಹೋದವಳು ಕುರ್ಚಿಯ ಮೇಲೆ ಕೊಳಕು ಅಂಗಿ ಕಂಡಳು. ಭಾನುವಾರದ ದಿನ ಅಣ್ಣನ ಅಂಗಿ ಕೊಳಕಾಗಿ ಬಿದ್ದಿರಬಾರದೆಂದು ಕಾರ್ಬಾಲಿಕ್ ಸೋಪು ಹಾಕಿ ಎರಡು ನೀರಿನಲ್ಲಿ ಒಗೆದು, ಕತ್ತಲಾಗುವ ಮೊದಲು ಒಲೆಯ ಮುಂದೆ ಒಣಗಿಸಿ, ಮಡಚಿ ಇಟ್ಟು ಹೋದಳು. ಈಗ ಅದು ಆಸ್ಪತ್ರೆಯಂತೆ ನಾರುತ್ತಿದೆ. ಅಂಗಿಯನ್ನು ಅಲ್ಲಿ ಯಾಕೆ ಇಟ್ಟದ್ದೆಂದು ಅತ್ತೆಗೆ ತಿಳಿದದ್ದು ಆ ರಾತ್ರಿ, ಎರಡು ದಿನದಿಂದ ಅಳುತ್ತಿದ್ದಾಳೆ. ಗಿಲ್‌ಕ್ರಿಸ್ಟ್ ಇವತ್ತಿನ ಬೆಂಕಿ ನಿಲ್ಲಿಸಿ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಆಗ ಸೋರ್ಲಿ ಮಾವ ಕೇಳಿದ: “ಒಗೆದಿದ್ದು ಅಂಗಿ ತಾನೆ? ಫಿನ್ಲೆ ಹೆಂಡ್ತಿ ಮೂಗನ್ನಲ್ಲವಲ್ಲ?”

ಅಮ್ಮಾ, ಒಮ್ಮೊಮ್ಮೆ ಅಪ್ಪ ಮನೆಗೆ ಬಂದಾಗ ನೀನು ಹೊಸ್ತಿಲಲ್ಲೇ ತೋಳು ಮೂಸಿ, “ಇವತ್ತು ಆತುರ ಮಾಡ್ದೆ ಅಲ್ವಾ ಫಿನ್ಲೆ?” ಎನ್ನುತ್ತಿದ್ದೆ. ಅಪ್ಪ, “ಬಂದು ನೋಡಿದ್ಯಾ?” ಎಂದು ರೇಗುತ್ತಿದ್ದ, ಆದರೆ ಒಮ್ಮೆಯೂ ಇಲ್ಲವೆನ್ನಲಿಲ್ಲ. ನೀನು ಹೇಳಿದ್ದು ಇಪ್ಪತ್ತೊಂದು ವರ್ಷವೂ ಸರಿಯಾಗಿತ್ತು. ದ್ವೀಪದಲ್ಲಿ ಏನು ಕೆಲಸ ಎಂದು ಕೇಳಿದ್ದೆಯಲ್ಲ, ಇದು ಕೆಲಸ. ಇದಕ್ಕೆ ಕಣ್ಣು ಬೇಡ. ಮಂಗಳವಾರ ಹದಿನೇಳರ ಹಡಗಿಗೆ ಟಿಕೆಟ್ ಇದರ ಜೊತೆಗಿದೆ. ಅಬಕಾರಿಯವರು ಮಾಲು ಇಳಿಯುವ ಗಾಜಿನ ಪೆಟ್ಟಿಗೆಯ ಬೀಗ ತೆಗೆದು ಪಕ್ಕದಲ್ಲೇ ನಿಲ್ಲಲು ಒಪ್ಪಿದ್ದಾರೆ. ನೀನು ಅಷ್ಟು ವರ್ಷ ಬುತ್ತಿ ತಂದು ಬಾಗಿಲಾಚೆಯೇ ಇಟ್ಟು ಹೋಗುತ್ತಿದ್ದ ಆ ಕೋಣೆಯಲ್ಲಿ, ಹಂಡೆಯ ಪಕ್ಕ, ನಿನಗೆ ಕುರ್ಚಿ ಹಾಕಿದ್ದಾರೆ. ಅಪ್ಪನ ಅಂಗಿಯನ್ನು ನಾನು ಹಾಕಿಕೊಂಡು ನಿಲ್ಲುತ್ತೇನೆ. ನೀನು “ಈಗ” ಎಂದಾಗ ನಳಿಗೆ ತಿರುಗಿಸಿ, ಕೈಯನ್ನು ಎಡತೋಳಿಗೆ ಒರೆಸುತ್ತೇನೆ.