ಬಲೂನಿನ ಗಡ್ಡ

ಸೋಮವಾರ, ಅಂಗಡಿಗೆ ರಜೆ

ನನ್ನನ್ನು ಬೈಯುವ ಹಕ್ಕು ಪೂರ್ತಿ ಇರುವ ಅಕ್ಕನಿಗೆ,

ಅಕ್ಷರ ನೋಡಿದೆಯಾ? ಸಾಲು ಸ್ವಲ್ಪ ಗುಡ್ಡ ಹತ್ತಿದೆ, ಆದರೆ ಬರೆದವನು ನಾನೇ.

ಕ್ಷೌರದಂಗಡಿ ಮಾರಿಬಿಡು, ನಡುಗುವ ಕೈಯಲ್ಲಿ ಕತ್ತಿ ಹಿಡಿದು ಯಾರ ಕುತ್ತಿಗೆಗೆ ತರುತ್ತೀಯೋ ಎಂದು ನೀನು ಬರೆದಿದ್ದೆ. ನಿನ್ನ ಭಯ ಸುಳ್ಳಲ್ಲ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ತೂರಾಡುತ್ತಾ ಬೀದಿ ದಾಟಿದರೆ, ಹಾಲಿನಂಗಡಿಯವಳು "ಏನಪ್ಪಾ, ಬೆಳಗ್ಗೇನೇ ಶುರು ಹಚ್ಕೊಂಡ್ಯಾ?" ಎಂದಳು. ಮಾತೂ ತೊದಲುತ್ತಿತ್ತಲ್ಲ, ಕುಡಿದಿಲ್ಲವೆಂದು ನಂಬಿಸುವುದು ಹೇಗೆ?

ಕೈಗೆ ಶಕ್ತಿ ಸಾಲದು ಎಂದುಕೊಂಡು ದಿನವಿಡೀ ರಬ್ಬರ್ ಚೆಂಡು ಹಿಸುಕುತ್ತಿದ್ದೆ. ಡಾಕ್ಟರಮ್ಮ ನಕ್ಕುಬಿಟ್ಟರು. ಶಕ್ತಿಗೇನೂ ಆಗಿಲ್ಲ, ಕೆಟ್ಟಿರುವುದು ಅಳತೆ ಎಂದರು. ತಲೆಯ ಹಿಂದೆ, ದೊಡ್ಡ ಮೆದುಳಿನ ಕೆಳಗೆ, ಒತ್ತೊತ್ತಾಗಿ ನೆರಿಗೆ ಹಿಡಿದ ಕಿರುಮೆದುಳು ಇದೆಯಂತೆ. ಕೈ ಎತ್ತು ಎನ್ನುವುದು ದೊಡ್ಡದು. ಎಷ್ಟು ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತಿದ್ದುತ್ತಾ ಇರುವುದು ಇದು. ಅದರ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ನನ್ನ ಬಲಗೈ ಲೆಕ್ಕ ತಪ್ಪಿದೆ. ಸುಮ್ಮನಿದ್ದಾಗ ನಡುಗದ ಕೈ, ಗುರಿ ಹತ್ತಿರವಾದಷ್ಟೂ ನಡುಗುವುದು ಅದಕ್ಕೇ. ಇಷ್ಟು ವರ್ಷ ಎಷ್ಟೋ ಹಿಂದಲೆಗಳಿಗೆ ಮಷಿನ್ ಆಡಿಸಿದ್ದೇನೆ, ಒಳಗೆ ಇಂಥ ಮೇಸ್ತ್ರಿ ಕೂತಿದ್ದಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅದು ತಪ್ಪಿ ತಪ್ಪಿಯೇ ಕಲಿಯುವ ಮೆದುಳು, ಉಳಿದ ಭಾಗಕ್ಕೆ ಕಲಿಸು ಎಂದರು. ಬಲೂನು ತಂದೆ. ನಮ್ಮ ಕಸುಬಿಗೆ ಬರುವ ಹೊಸಬರು ಕೈ ಪಳಗಿಸುವುದು ಹಾಗೇ: ಊದಿ, ನೊರೆ ಹಚ್ಚಿ, ಒಡೆಯದಂತೆ ಬೋಳಿಸಬೇಕು. ಊರಿಗೆಲ್ಲ ಕಲಿಸಿದ ನಾನು ಮತ್ತೆ ಅ ಆ ಇ ಈ. ಒಡೆದದ್ದೇ ಒಡೆದದ್ದು, ಗೋಡೆ ತುಂಬ ನೊರೆ. ನನ್ನ ಹೆಂಡತಿ ಕಿವಿಗೆ ಹತ್ತಿ ಇಟ್ಟುಕೊಂಡೇ ಅಡುಗೆ ಮಾಡಿದಳು. ಕೊನೆಗೊಂದು ದಿನ ಬಲೂನು ಉಳಿಯಿತು, ಮರುದಿನವೂ ಉಳಿಯಿತು.

ಇವತ್ತು ಬೆಳಗ್ಗೆ ಅಂಗಡಿಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಒಬ್ಬರು ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಬೇಡ ಎಂದೆ. "ನನ್ನ ಚರ್ಮ ಬಲೂನಿಗಿಂತ ದಪ್ಪ ಇದೆ, ಎಳಿ" ಎಂದು ಕಣ್ಣು ಮುಚ್ಚಿದರು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ನಿಧಾನವಾಗಿ ಎಳೆದೆ. ಗಂಟಲಿನ ಉಬ್ಬಿನ ಹತ್ತಿರ ಕೈ ಅದುರಿತು. ನಿಂತೆ, ಉಸಿರು ಬಿಟ್ಟೆ, ಮತ್ತೆ ಎಳೆದೆ. ಒಂದು ಹನಿ ರಕ್ತವಿಲ್ಲ ಅಕ್ಕ. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ, ಆಮೇಲೆ ಶಿಳ್ಳೆ ಹೊಡೆದೆ. ಅಂಗಡಿ ಮಾರುವುದಿಲ್ಲ.

ನಿನ್ನ ಹಟಮಾರಿ ತಮ್ಮ

ಮತ್ತೊಂದು ಮಾತು: ಕುರ್ಚಿಯಲ್ಲಿ ಕೂತವರು ಭಾವ. ಬುದ್ಧಿ ಹೇಳಿ ಅಂಗಡಿಗೆ ಬೀಗ ಹಾಕಿಸಿ ಬನ್ನಿ ಎಂದು ನೀನೇ ಗಂಡನನ್ನು ಕಳಿಸಿದ್ದೆಯಂತಲ್ಲ? ಪತ್ರವನ್ನು ಅವರ ಕೈಯಲ್ಲೇ ಕೊಟ್ಟಿದ್ದೇನೆ. ಜಗಳ ಆಮೇಲೆ ಆಡು, ಮೊದಲು ಅವರ ಕೆನ್ನೆ ಮುಟ್ಟಿ ನೋಡು.